ಸಾಗರದ ಕೂಸು: ರಿಂಜಾನಿ ಸರೋವರದ ದಡದಲ್ಲಿ ಬೀಡು

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಆ ನೆತ್ತಿಗಿಂತಲೂ ತುಸು ಮೇಲೆ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿ, ಇನ್ನೂರು ಮೀಟರಿಗೂ ಮಿಕ್ಕ ಆಳವುಳ್ಳ ಸರೋವರವೊಂದನ್ನು ಕಲ್ಪಿಸಿಕೊಳ್ಳುವುದು ನಮಗೆ ಕಷ್ಟವೇ ಸರಿ. ಇಂಡೊನೇಷ್ಯಕ್ಕೆ ಸೇರಿದ ಲೊಂಬೊಕ್ ದ್ವೀಪದ ರಿಂಜಾನಿ ಎಂಬ ಅಗ್ನಿಪರ್ವತದ ಮಡಿಲಲ್ಲಿ ಅಂಥ ಸರೋವರವಿದೆ. ಅದರ ಹೆಸರು ‘ಸೆಗಾರ ಅನಾಕ್’. ‘ಸೆಗಾರ’ ಎಂಬುದು ನಮ್ಮ ‘ಸಾಗರ’ ಶಬ್ದವೇ. ‘ಅನಾಕ್’ ಎಂದರೆ ಮಗು. ಕಡಲಿನಂತೆಯೇ ನೀಲಿಯಾದ ಆ ನೀರನ್ನು ದ್ವೀಪದ ಜನ ಸಾಗರದ ಕೂಸೆಂದು ಕರೆದಿದ್ದಾರೆ.

ಬಾಲಿ ದ್ವೀಪಕ್ಕೆ ಪ್ರವಾಸ ಹೋಗುವ ಕನ್ನಡಿಗರು ಈಗ ಅಪರೂಪವಲ್ಲ. ಅವರಲ್ಲಿ ಕೆಲವರಾದರೂ ಪಕ್ಕದ ಜಲಸಂಧಿಯನ್ನು ದಾಟಿ ಲೊಂಬೊಕ್ಕಿಗೆ ಹೋಗುತ್ತಾರೆ. ಪರ್ವತವನ್ನು ಕಂಡವರಿಗೆ ಅದನ್ನು ಏರಬೇಕೆನಿಸುತ್ತದೆ. ಅಂಥ ಹಳೆಯ ವಿದ್ಯಾರ್ಥಿಗಳಿಗೂ, ಸಾಹಸಪ್ರವಾಸಗಳ ಹೊಣೆ ಹೊರುವ ಉಪಾಧ್ಯಾಯ ಬಂಧುಗಳಿಗೂ ಈ ಲೇಖನದಿಂದ ಪ್ರಯೋಜನವಾದೀತೆಂದು ಭಾವಿಸಿದ್ದೇನೆ. ಸಾಮಾನ್ಯವಾಗಿ ಬೆಟ್ಟ ಹತ್ತುವವರು ಏರುವ ಶ್ರಮವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಇಳಿಯುವುದು ತಾನಾಗಿ ಆಗುವುದೆಂಬ ನಂಬಿಕೆ. ರಿಂಜಾನಿಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಸರೋವರವಿರುವುದು ಬೆಟ್ಟದ ಮೇಲಲ್ಲ, ಬೆಟ್ಟದೊಳಗಿನ ಕೊಪ್ಪರಿಗೆಯಲ್ಲಿ. ಮೊದಲು 2,600 ಮೀಟರಿಗೂ ಎತ್ತರದ ಅಂಚನ್ನು ಏರಬೇಕು, ಅನಂತರ ಆರುನೂರು ಮೀಟರಿಗೂ ಹೆಚ್ಚು ಒಳಕ್ಕೆ ಇಳಿಯಬೇಕು. ಹೊರಬರಬೇಕಾದರೆ ಅಷ್ಟನ್ನೂ ಮತ್ತೆ ಹತ್ತಬೇಕು. ದಡದಲ್ಲಿ ಡೇರೆ ಹಾಕಿ ಕುಳಿತವನಿಗೆ ನಾಲ್ಕು ದಿಕ್ಕಿನಲ್ಲಿಯೂ ಇರುವುದು ಗೋಡೆಯೇ. ದಿನಗಳೆಷ್ಟು, ಆಹಾರವೆಷ್ಟು, ಜೊತೆಯಲ್ಲಿ ಯಾರು ಎಂಬ ಎಲ್ಲ ಯೋಜನೆಯೂ ಈ ಒಂದು ಸಂಗತಿಯಿಂದ ಹೊರಡಬೇಕು.

ಈ ಕೊಪ್ಪರಿಗೆ ಆದದ್ದು ಹೇಗೆ? ಭೂವಿಜ್ಞಾನಿಗಳು ಇಂಥ ರಚನೆಯನ್ನು ‘ಕಾಲ್ಡೆರಾ’ ಎನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಶಬ್ದಕ್ಕೆ ಕೊಪ್ಪರಿಗೆಯೆಂದೇ ಅರ್ಥ. ಬಸವಾದಿ ಶರಣರು ಕಲ್ಯಾಣದಲ್ಲಿದ್ದ ಕಾಲಕ್ಕೆ ಇಂದಿನ ಸರೋವರವಿರಲಿಲ್ಲ. ಅದಿರುವ ಜಾಗದಲ್ಲಿ ರಿಂಜಾನಿಗೆ ಅಂಟಿಕೊಂಡಂತೆ ‘ಸಮಲಾಸ್’ ಎಂಬ ಮತ್ತೊಂದು ಪರ್ವತವಿತ್ತು. ಅದರ ಎತ್ತರ ನಾಲ್ಕು ಸಾವಿರ ಮೀಟರನ್ನು ದಾಟಿತ್ತೆಂದು ವಿಜ್ಞಾನಿಗಳ ಅಂದಾಜು. 1257ರಲ್ಲಿ ಅದು ಸ್ಫೋಟಿಸಿತು. ಒಡಲೊಳಗಿನ ಕರಗಿದ ಶಿಲೆಯೆಲ್ಲ ಬೂದಿಯಾಗಿ, ನೊರೆಗಲ್ಲಾಗಿ ಆಕಾಶಕ್ಕೆ ಹಾರಿದ ಮೇಲೆ, ಆಧಾರವಿಲ್ಲದೆ ಪರ್ವತದ ಮೇಲ್ಭಾಗ ಒಳಕ್ಕೆ ಕುಸಿಯಿತು. ಕುಸಿದ ತಗ್ಗಿನಲ್ಲಿ ಮಳೆನೀರೂ ಒರತೆಯ ನೀರೂ ನಿಂತು ಸರೋವರವಾಯಿತು.

ಈ ಸ್ಫೋಟದ ವಿಳಾಸ ಪತ್ತೆಯಾದ ಕಥೆ ಸ್ವಾರಸ್ಯವಾದುದು. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಗಳ ಹಿಮವನ್ನು ಕೊರೆದು ತೆಗೆದ ವಿಜ್ಞಾನಿಗಳಿಗೆ, ಹದಿಮೂರನೆಯ ಶತಮಾನದ ನಡುವಿನ ಪದರಗಳಲ್ಲಿ ಗಂಧಕದ ಅಂಶ ಅಸಾಧಾರಣವಾಗಿ ಕಂಡಿತ್ತು. ಯಾವುದೋ ಅಗ್ನಿಪರ್ವತ ಪ್ರಪಂಚವನ್ನೇ ಗಂಧಕದ ತೆಳುಪರದೆಯಿಂದ ಮುಚ್ಚಿತ್ತೆಂಬುದು ನಿಶ್ಚಯವಾಯಿತು. ಆದರೆ ಯಾವುದೆಂಬುದು ದಶಕಗಳ ಕಾಲ ತಿಳಿಯಲಿಲ್ಲ. 1258ರ ಬೇಸಗೆಯಲ್ಲಿ ಯುರೋಪಿನಲ್ಲಿ ಚಳಿಯೂ ಮಳೆಯೂ ಹೆಚ್ಚಾಗಿ ಬೆಳೆ ಕೆಟ್ಟಿತೆಂದು ಅಲ್ಲಿಯ ವೃತ್ತಾಂತಕಾರರು ಬರೆದಿಟ್ಟಿದ್ದರು. ಕಡೆಗೆ 2013ರಲ್ಲಿ ಫ್ರಾಂಕ್ ಲವೀನ್ಯ ಎಂಬ ಫ್ರೆಂಚ್ ವಿದ್ವಾಂಸರ ತಂಡ ಅದು ಲೊಂಬೊಕ್ಕಿನ ಸಮಲಾಸ್ ಎಂದು ಪ್ರಕಟಿಸಿತು. ಬೂದಿಯ ಪದರಗಳೂ ಸುಟ್ಟ ಮರಗಳೂ ಅವರಿಗೆ ನೆರವಾದಂತೆಯೇ ತಾಳೆಗರಿಯ ಗ್ರಂಥವೂ ನೆರವಾಯಿತು! ‘ಬಾಬಾದ್ ಲೊಂಬೊಕ್’ ಎಂಬ ಹಳೆಯ ಜಾವಾ ಭಾಷೆಯ ಕೃತಿಯಲ್ಲಿ ಸಮಲಾಸ್ ಕುಸಿದುದು, ಪಮತಾನ್ ಎಂಬ ನಗರ ನಾಶವಾದುದು, ಮನೆಗಳು ಕೊಚ್ಚಿಹೋಗಿ ಕಡಲು ಸೇರಿದುದು ವರ್ಣಿತವಾಗಿದೆ. ತಾಳೆಗರಿಗಳನ್ನು ಕಟ್ಟುಕಥೆಯೆಂದು ಅಟ್ಟಕ್ಕೆ ಎಸೆಯುವವರು ಇದನ್ನು ಗಮನಿಸಬೇಕು. ಹೊಯ್ಸಳ ದಂಡನಾಯಕ ಸೋಮನಾಥನು ಸೋಮನಾಥಪುರದ ದೇವಾಲಯವನ್ನು ಪ್ರತಿಷ್ಠಾಪಿಸಿದ್ದು 1258ರಲ್ಲಿ. ನಮ್ಮ ಶಿಲ್ಪಿಗಳು ಅಲ್ಲಿ ಬಳಪದ ಕಲ್ಲನ್ನು ಕಡೆಯುತ್ತಿದ್ದ ವೇಳೆಯಲ್ಲಿಯೇ ಲೊಂಬೊಕ್ಕಿನಲ್ಲಿ ಒಂದು ನಗರ ಬೂದಿಯಡಿ ಹೂತುಹೋಯಿತು.

ಪರ್ವತ ಇನ್ನೂ ತಣ್ಣಗಾಗಿಲ್ಲ. ಸರೋವರದೊಳಗೆ ‘ಬಾರುಜಾರಿ’ ಎಂಬ ಮರಿಪರ್ವತವೆದ್ದು ನಿಂತಿದೆ. ಅದನ್ನು ಬಳಸಿರುವುದರಿಂದಲೇ ನೀರಿಗೆ ಬಾಲಚಂದ್ರನ ಆಕಾರ ಬಂದಿದೆ. ಬಾರುಜಾರಿ 1994ರಲ್ಲಿ, 2004ರಲ್ಲಿ, 2009ರಲ್ಲಿ, 2015 ಮತ್ತು 2016ರಲ್ಲಿ ಬೂದಿಯುಗುಳಿತು. 2015ರ ನವೆಂಬರಿನ ಬೂದಿಯಿಂದಾಗಿ ಬಾಲಿಯ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು. ಸರೋವರದ ನೀರು ಆ ಎತ್ತರಕ್ಕೆ ಇರಬೇಕಾದಷ್ಟು ತಣ್ಣಗಿಲ್ಲದೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ಇರುವುದು ಒಳಗಿನ ಬೆಂಕಿಯ ಪ್ರಭಾವದಿಂದ. ಆದ್ದರಿಂದ ಯೋಜನೆಯ ಮೊದಲ ಕೆಲಸ ಡೇರೆ ಕೊಳ್ಳುವುದಲ್ಲ. ಪರ್ವತದ ಅಂದಿನ ಎಚ್ಚರಿಕೆಯ ಮಟ್ಟವೇನು, ದಾರಿಗಳು ತೆರೆದಿವೆಯೇ ಎಂಬುದನ್ನು ರಿಂಜಾನಿ ರಾಷ್ಟ್ರೀಯ ಉದ್ಯಾನದ ಕಚೇರಿಯಿಂದ ತಿಳಿಯುವುದು. 1997ರಲ್ಲಿ ಸ್ಥಾಪಿತವಾದ ಈ ಉದ್ಯಾನದ ನಿಯಮಗಳು ಆಗಾಗ ಬದಲಾಗುತ್ತವೆ. ಹೋದ ವರ್ಷ ಹೋಗಿಬಂದ ಸ್ನೇಹಿತನ ಮಾತನ್ನು ನೆಚ್ಚಿ ಹೊರಡಬಾರದು.

ಇನ್ನು ಕಾಲ. ಲೊಂಬೊಕ್ ಭೂಮಧ್ಯರೇಖೆಯ ದಕ್ಷಿಣಕ್ಕೆ ಸುಮಾರು ಎಂಟು ಡಿಗ್ರಿಯಲ್ಲಿರುವುದರಿಂದ ಅಲ್ಲಿಯ ಮಳೆಗಾಲ ನಮ್ಮದಕ್ಕೆ ವಿರುದ್ಧ. ನಮ್ಮಲ್ಲಿ ಮುಂಗಾರು ಸುರಿಯುವಾಗ ಅಲ್ಲಿ ಒಣಹವೆ. ಜನವರಿಯಿಂದ ಮಾರ್ಚಿಯವರೆಗೆ ಮಳೆಯ ನಿಮಿತ್ತ ದಾರಿಗಳನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ. ನಮ್ಮ ಶಾಲೆಗಳ ರಜೆಗಳು ಈ ಪಂಚಾಂಗದ ಎರಡು ತುದಿಗಳಿಗೆ ಬೀಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಹುಲ್ಲುಗಾವಲು ಹಸುರು, ಒರತೆಗಳಲ್ಲಿ ನೀರು ಸಮೃದ್ಧ, ದಾರಿಯಲ್ಲಿ ಮಾತ್ರ ಅಲ್ಲಲ್ಲಿ ಕೆಸರು; ದಸರೆಯ ರಜೆಯಲ್ಲಿ ಹೋದರೆ ಧೂಳು ಹೆಚ್ಚು, ನೀರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಮೇ ತಿಂಗಳೇ ಮೇಲು.

ದಾರಿಯ ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು. ಪೂರ್ವದ ಸೆಂಬಾಲುನ್ ಗ್ರಾಮ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಉತ್ತರದ ಸೆನಾರು ಗ್ರಾಮ ಕೇವಲ 600 ಮೀಟರ್. ಸೆಂಬಾಲುನ್‌ನಿಂದ ಹೊರಟರೆ ಐನೂರು ಮೀಟರಿನ ಏರು ಉಳಿಯುತ್ತದೆ. ಮೊದಲ ದಿನ ನೆರಳಿಲ್ಲದ ಹುಲ್ಲುಗಾವಲನ್ನು ದಾಟಿ, ಏಳೆಂಟು ಗಂಟೆ ನಡೆದು, 2,639 ಮೀಟರಿನ ಅಂಚನ್ನು ಸೇರಿ ಅಲ್ಲಿ ತಂಗುವುದು. ಎರಡನೆಯ ದಿನ ಸರೋವರಕ್ಕೆ ಇಳಿಯಲು ಮೂರು ಗಂಟೆ. ಆ ಸಂಜೆಯನ್ನೂ ಮರುದಿನದ ಬೆಳಗನ್ನೂ ದಡದಲ್ಲಿಯೇ ಕಳೆದು, ಮೂರನೆಯ ಮಧ್ಯಾಹ್ನ ಸೆನಾರು ಕಡೆಯ ಅಂಚಿಗೆ ಏರಿ, ನಾಲ್ಕನೆಯ ದಿನ ಕಾಡಿನ ನೆರಳಿನಲ್ಲಿ ಎರಡು ಸಾವಿರ ಮೀಟರ್ ಕೆಳಕ್ಕೆ ಇಳಿಯುವುದು. ಕೊನೆಯ ಏರನ್ನೂ ಈ ದೀರ್ಘ ಇಳಿತವನ್ನೂ ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ. ಐವತ್ತು ದಾಟಿದವರ ಮೊಣಕಾಲುಗಳು ಅದನ್ನು ಒಪ್ಪುವುದಿಲ್ಲ.

ಶಿಖರದ ಮಾತೇನು? ರಿಂಜಾನಿಯ ತುದಿ 3,726 ಮೀಟರ್. ಅಂಚಿನಿಂದ ನಡುರಾತ್ರಿಯ ಮೇಲೆ ಎದ್ದು, ಸಡಿಲವಾದ ಬೂದಿಗಲ್ಲಿನಲ್ಲಿ ಎರಡು ಹೆಜ್ಜೆ ಏರಿ ಒಂದು ಹೆಜ್ಜೆ ಜಾರುತ್ತ ಸೂರ್ಯೋದಯಕ್ಕೆ ಮೇಲೆ ಮುಟ್ಟುತ್ತಾರೆ. 2025ರ ಜೂನ್ ತಿಂಗಳಲ್ಲಿ ಈ ದಾರಿಯಲ್ಲಿ ಜಾರಿಬಿದ್ದ ವಿದೇಶೀ ತರುಣಿಯೊಬ್ಬಳನ್ನು ರಕ್ಷಕರು ತಲುಪಲು ನಾಲ್ಕು ದಿನ ಹಿಡಿಯಿತು. ಆ ವೇಳೆಗೆ ಆಕೆ ಬದುಕಿರಲಿಲ್ಲ. ಸರೋವರವೇ ಗುರಿಯಾದವರು, ವಿಶೇಷವಾಗಿ ವಿದ್ಯಾರ್ಥಿಗಳನ್ನು ಕರೆದೊಯ್ಯುವವರು, ಶಿಖರವನ್ನು ಕಣ್ಣಿನಿಂದ ನೋಡಿ ತೃಪ್ತರಾಗುವುದು ಒಳ್ಳೆಯದು.

ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕಡಲ ತೀರದಲ್ಲಿ ಮೂವತ್ತು ಡಿಗ್ರಿಯ ಸೆಕೆಯಿದ್ದಾಗ ಅಂಚಿನಲ್ಲಿ ಹಗಲಿಗೆ ಹದಿಮೂರು. ರಾತ್ರಿ ಗಾಳಿ ಬೀಸಿದರೆ ಹಲ್ಲು ಕಟಕಟಿಸುತ್ತದೆ. ಅಂಚಿನ ಡೇರೆಗೆ ಗೂಟ ಭದ್ರವಾಗಿರಬೇಕು, ಉಣ್ಣೆಯ ಉಡುಪು ಬೇಕು. ಕಾಡುಮೃಗಗಳ ಭಯ ಮಾತ್ರ ಇಲ್ಲ. ಬಾಲಿಗೂ ಲೊಂಬೊಕ್ಕಿಗೂ ನಡುವಿನ ಕಿರಿದಾದ ಜಲಸಂಧಿಯೇ ಏಷ್ಯದ ಪ್ರಾಣಿವರ್ಗದ ಗಡಿಯೆಂಬುದನ್ನು ಆಲ್ಫ್ರೆಡ್ ರಸೆಲ್ ವಾಲೇಸ್ 1856ರಲ್ಲಿ ಇಲ್ಲಿಗೆ ಬಂದಾಗ ಮನಗಂಡನು; ಹುಲಿ ಈ ಗಡಿಯನ್ನು ದಾಟಲಿಲ್ಲ. ಕೋತಿಗಳು ದಾಟಿವೆ! ಅಂಚಿನಲ್ಲಿ ಡೇರೆಯ ಬಾಯಿ ತೆರೆದಿಟ್ಟು ಹೋದವರ ಬುತ್ತಿ ಉಳಿಯುವುದಿಲ್ಲ.

ಭಾರದ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಡೇರೆ, ಅಕ್ಕಿ, ಒಲೆ, ನೀರು ಎಲ್ಲವನ್ನೂ ಹೊರುವವರು ದ್ವೀಪದ ಸಾಸಕ್ ಜನಾಂಗದ ಹೊರೆಯಾಳುಗಳು. ನಮ್ಮಲ್ಲಿ ಅಡ್ಡೆ ಹೊರುವಂತೆ ಬಿದಿರಿನ ದಬ್ಬೆಯ ಎರಡು ತುದಿಗೆ ಬುಟ್ಟಿ ಕಟ್ಟಿ, ಅನೇಕರು ಸಾಧಾರಣ ಚಪ್ಪಲಿಯಲ್ಲಿಯೇ ಆ ಕಡಿದಾದ ದಾರಿಯನ್ನು ಏರುತ್ತಾರೆ. ಹತ್ತು ಜನರ ತಂಡಕ್ಕೆ ದಿನಕ್ಕೆ ತಲಾ ನಾಲ್ಕು ಲೀಟರಿನಂತೆ ನೀರು ನಾಲ್ವತ್ತು ಲೀಟರ್, ಅಂದರೆ ನಾಲ್ವತ್ತು ಕಿಲೋ. ಇದಕ್ಕೆ ಹೊರುವವರ ಸ್ವಂತ ನೀರು, ಊಟ, ಹೊದಿಕೆಗಳನ್ನು ಸೇರಿಸಿ ಆಮೇಲೆ ಎಷ್ಟು ಆಳು ಬೇಕೆಂದು ನಿರ್ಧರಿಸಬೇಕು. ಕಡಿಮೆ ಹಣಕ್ಕೆ ಒಪ್ಪುವ ದಲ್ಲಾಳಿ ಆ ಉಳಿತಾಯವನ್ನು ಪಡೆಯುವುದು ಒಬ್ಬನ ಹೆಗಲಿನ ಮೇಲೆ ಇಬ್ಬರ ಹೊರೆಯನ್ನು ಹೇರಿ. ಕಾಯಕವನ್ನು ಪೂಜೆಗೆ ಸಮನೆಂದು ಕೇಳಿ ಬೆಳೆದ ನಮ್ಮವರು ದರ ಗೊತ್ತುಮಾಡುವ ಮುನ್ನವೇ ವಿಚಾರಿಸಬೇಕಾದ ಪ್ರಶ್ನೆಗಳು ಎರಡು: ಒಬ್ಬನಿಗೆ ಎಷ್ಟು ಕಿಲೋ, ರಾತ್ರಿ ಅವನು ಮಲಗುವುದೆಲ್ಲಿ?

ಆಹಾರದಲ್ಲಿ ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಅನ್ನ, ತರಕಾರಿ, ಸೋಯಾ ಅವರೆಯಿಂದ ಮಾಡಿದ ‘ತೆಂಪೆ’ ಮತ್ತು ‘ತಾಹು’ ಅಲ್ಲಿಯ ನಿತ್ಯದ ಊಟ. ಎಚ್ಚರವಿರಬೇಕಾದದ್ದು ಖಾರದ ಚಟ್ನಿಯಲ್ಲಿ. ಅದಕ್ಕೆ ಸೀಗಡಿಯನ್ನು ಹುದುಗಿಸಿ ಅರೆದ ‘ತೆರಾಸಿ’ ಬೆರೆಸುವ ರೂಢಿಯಿದೆ. ‘ತಾನ್ಪ ದಾಗಿಂಗ್, ತಾನ್ಪ ಇಕಾನ್, ತಾನ್ಪ ತೆರಾಸಿ’, ಅಂದರೆ ಮಾಂಸ, ಮೀನು, ತೆರಾಸಿ ಇಲ್ಲದೆ ಎಂಬ ಮಾತನ್ನು ಕಲಿತಿರಬೇಕು. ಅಂಚಿನ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ ತೊಗರಿಬೇಳೆ ಬೇಯಲು ಬಹು ಹೊತ್ತು ಹಿಡಿಯುತ್ತದೆ, ಉರುವಲು ವ್ಯರ್ಥವಾಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿಗಳಂಥ ಬುತ್ತಿ ಬೆಟ್ಟಕ್ಕೆ ಹೇಳಿಮಾಡಿಸಿದ್ದು. ಸರೋವರದ ನೀರಿನಲ್ಲಿ ಲವಣಗಳು ಕರಗಿವೆ. ಅದನ್ನು ಕುಡಿಯದೆ ಹೊರೆಯಾಳುಗಳು ತೋರುವ ಒರತೆಯ ನೀರನ್ನು ಕುದಿಸಿ ಬಳಸಬೇಕು. ಸೆನಾರು ಕಡೆಯ ಅಂಚಿಗೆ ಬೇಕಾದ ನೀರನ್ನೂ ಇಲ್ಲಿಂದಲೇ ತುಂಬಿಕೊಳ್ಳಬೇಕು. ನಿತ್ಯ ಲಿಂಗಪೂಜೆಯವರು ಪೂಜೆಯ ನೀರನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಲೇಸು.

ದಡದಲ್ಲಿ ಡೇರೆ ಹಾಕುವ ಜಾಗವನ್ನು ನೋಟದ ಚೆಲುವಿಗಾಗಿ ಆರಿಸಬಾರದು. 2018ರ ಜುಲೈ 29ರ ಬೆಳಗ್ಗೆ 6.4 ಪ್ರಮಾಣದ ಭೂಕಂಪದಿಂದ ಕೊಪ್ಪರಿಗೆಯ ಗೋಡೆಗಳು ಕುಸಿದು, ಹೊರಬರುವ ದಾರಿಗಳು ಮುಚ್ಚಿಹೋಗಿ, ಐನೂರಕ್ಕೂ ಹೆಚ್ಚು ಚಾರಣಿಗರು ಬೆಟ್ಟದಲ್ಲಿ ಸಿಕ್ಕಿಬಿದ್ದರು. ಅವರನ್ನು ಹೊರತರಲು ಎರಡು ದಿನ ಬೇಕಾಯಿತು. ಆಗಸ್ಟ್ 5ರಂದು ಇನ್ನೂ ದೊಡ್ಡದಾದ ಕಂಪನ ದ್ವೀಪದಲ್ಲಿ ಐನೂರಕ್ಕೂ ಮಿಕ್ಕ ಜೀವಗಳನ್ನು ಬಲಿತೆಗೆದುಕೊಂಡಿತು. ಬೆಟ್ಟದ ದಾರಿಗಳು ಮತ್ತೆ ತೆರೆದದ್ದು 2019ರ ಜೂನ್‌ನಲ್ಲಿ. ಆದುದರಿಂದ ಡೇರೆ ಬಂಡೆಯ ಗೋಡೆಯಿಂದಲೂ ಹೊಳೆಯ ಪಾತ್ರದಿಂದಲೂ ದೂರವಿರಲಿ. ನೆಲ ನಡುಗಿದರೆ ಎಲ್ಲರೂ ಕೂಡಬೇಕಾದ ಬಯಲನ್ನು ಬೆಳಕಿರುವಾಗಲೇ ಗುರುತಿಸಿಟ್ಟುಕೊಳ್ಳಬೇಕು. ಎರಡು ದಿನದ ಆಹಾರವನ್ನು ಹೆಚ್ಚಾಗಿ, ಕೈಮುಟ್ಟದೆ ಇರಿಸಬೇಕು. ಅದು ವ್ಯರ್ಥಭಾರವೆಂದು ಯಾರಾದರೂ ಗೊಣಗಿದರೆ, ಸುತ್ತಲಿನ ಗೋಡೆಯನ್ನು ತೋರಿಸಿದರೆ ಸಾಕು.

ಈ ನೀರು ಅಲ್ಲಿಯವರಿಗೆ ಪವಿತ್ರ. ಪಶ್ಚಿಮ ಲೊಂಬೊಕ್ಕಿನ ಬಾಲಿ ಹಿಂದೂಗಳು ವರ್ಷಕ್ಕೊಮ್ಮೆ, ತಮ್ಮ ಪಂಚಾಂಗದ ಐದನೆಯ ಹುಣ್ಣಿಮೆಯ ವೇಳೆಗೆ ಇಲ್ಲಿಗೆ ಇಳಿದು ಬಂದು, ಮಳೆಬೆಳೆಗಳಿಗಾಗಿ ಪ್ರಾರ್ಥಿಸಿ, ಚಿನ್ನದ ಕಿರುಪ್ರತಿಮೆಗಳನ್ನು ನೀರಿಗೆ ಅರ್ಪಿಸುತ್ತಾರೆ. ಇಸ್ಲಾಮ್ ಧರ್ಮೀಯರಾದ ಸಾಸಕರೂ ಪಕ್ಕದ ಬಿಸಿನೀರಿನ ಬುಗ್ಗೆಗಳಲ್ಲಿ ರೋಗಪರಿಹಾರಕ್ಕಾಗಿ ಮೀಯುತ್ತಾರೆ. ಇಂಥ ಕಡೆ ಸೋಪು ಹಚ್ಚಿ ಬಟ್ಟೆ ಒಗೆಯುವುದು ಸಲ್ಲದು. ಪ್ರವಾಸಿಗರು ಬಿಟ್ಟುಹೋದ ಪ್ಲಾಸ್ಟಿಕ್ ಕಸ ಈ ಬೆಟ್ಟದ ದೊಡ್ಡ ಪಿಡುಗು. ಬುತ್ತಿಯನ್ನು ಬಟ್ಟೆಯ ಗಂಟು ಮತ್ತು ಸ್ಟೀಲಿನ ಡಬ್ಬಿಗಳಲ್ಲಿ ಒಯ್ದರೆ ಹೊತ್ತು ತರಬೇಕಾದ ಕಸವೇ ಕಡಿಮೆಯಾಗುತ್ತದೆ. ಆದ ಕಸವನ್ನು ಹೊರೆಯಾಳಿಗೆ ದಾಟಿಸದೆ ತಮ್ಮತಮ್ಮ ಚೀಲದಲ್ಲಿಯೇ ಕೆಳಗೆ ತರಬೇಕು.

ಹೊರಡುವಾಗ ಸೆಂಬಾಲುನ್‌ನ ಕಚೇರಿಯಲ್ಲಿ ಪ್ರತಿಯೊಬ್ಬರ ಹೆಸರನ್ನೂ ನೋಂದಾಯಿಸುತ್ತಾರೆ. ನಾಲ್ಕನೆಯ ದಿನ ಸೆನಾರುವಿಗೆ ಇಳಿದಾಗ, ಎಷ್ಟೇ ದಣಿವಾಗಿದ್ದರೂ, ಊಟಕ್ಕೆ ಕೂಡುವ ಮೊದಲು ಅಲ್ಲಿಯ ಕಚೇರಿಗೆ ಹೋಗಿ ಎಲ್ಲರೂ ಮರಳಿದುದನ್ನು ತಿಳಿಸಿ ಬರಬೇಕು. ಇಲ್ಲವಾದರೆ ಬೆಟ್ಟದಲ್ಲಿಲ್ಲದವರನ್ನು ಹುಡುಕಲು ಮತ್ತೆ ನಾಲ್ಕು ಜನ ಬೆಟ್ಟ ಹತ್ತಬೇಕಾಗುತ್ತದೆ.