ನಾವೂ ಊರಿನ ಹೆಂಗಸರು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ ಒಂದು ಊರಿದೆ. ಹೆಸರು ನಾವೂ. ಮಾರ್ಮನ್ನರೆಂಬ ಧಾರ್ಮಿಕ ಪಂಥದವರು ಹೀಬ್ರೂವಿನಿಂದ ಆಯ್ದುಕೊಂಡ ಹೆಸರದು. ಕನ್ನಡದ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ. ಅಲ್ಲಿನ ಹೆಂಗಸರ ಕಥೆ ಓದಿದರೆ ನಮ್ಮ ಅರ್ಥವೇ ಹೆಚ್ಚು ಹೊಂದುತ್ತದೆ.

ಶುರುವಾದದ್ದು ಅಂಗಿ ಹೊಲಿಯುವ ಮಾತಿನಿಂದ. 1842ರಲ್ಲಿ ಅಲ್ಲಿ ದೇವಾಲಯ ಕಟ್ಟುತ್ತಿದ್ದರು. ಕೆಲಸಗಾರರಿಗೆ ಅಂಗಿ ಬೇಕಿತ್ತು. ಸಾರಾ ಕಿಂಬಲ್ ಅವರ ಮನೆಗೆ ಹೊಲಿಗೆಗೆ ಬರುತ್ತಿದ್ದಾಕೆ, ಹೊಲಿದುಕೊಡಬಲ್ಲೆ, ಬಟ್ಟೆ ಕೊಳ್ಳುವ ಶಕ್ತಿ ಇಲ್ಲ ಎಂದರು. ಬಟ್ಟೆಯ ಖರ್ಚು ತನಗಿರಲಿ ಎಂದರು ಸಾರಾ. ನೆರೆಹೊರೆಯವರು ಸೇರಿಕೊಂಡರು. ಕವಯಿತ್ರಿ ಎಲೈಜಾ ಸ್ನೋ ಸಂಘಕ್ಕೆ ನಿಯಮಾವಳಿ ಬರೆದರು. ಮಾರ್ಮನ್ನರ ಪ್ರವಾದಿ ಜೋಸೆಫ್ ಸ್ಮಿತ್ ಅದನ್ನು ಮೆಚ್ಚಿದರು. ಆದರೆ ಇದಕ್ಕಿಂತ ಒಳ್ಳೆಯದು ನನ್ನಲ್ಲಿದೆ ಎಂದು ಚರ್ಚಿನ ನೆರಳಿಗೇ ತಂದುಕೊಂಡರು. ಆ ನೆರಳು ತಂಪೋ ಕತ್ತಲೆಯೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಮಾರ್ಚ್ 17ರಂದು ಸ್ಮಿತ್ ಅವರ ಕೆಂಪು ಇಟ್ಟಿಗೆ ಅಂಗಡಿಯ ಮಹಡಿಯಲ್ಲಿ ಇಪ್ಪತ್ತು ಹೆಂಗಸರು ಸೇರಿದರು. ಅಧ್ಯಕ್ಷೆ ಜೋಸೆಫರ ಹೆಂಡತಿ ಎಮ್ಮಾ, ಕಾರ್ಯದರ್ಶಿ ಎಲೈಜಾ. ಮೊದಲ ದಿನವೇ ಹೆಸರಿನ ಮೇಲೆ ಚರ್ಚೆ. ‘ಬೆನೆವಲೆಂಟ್’ ಇರಲಿ ಎಂದರು ಬಂದಿದ್ದ ಗಂಡಸರು. ಆ ಹೆಸರಿನ ಸಂಸ್ಥೆಯೊಂದು ಕೆಟ್ಟ ಹೆಸರು ಪಡೆದಿದೆ, ‘ರಿಲೀಫ್’ ಬೇಕು ಎಂದರು ಎಮ್ಮಾ. ಆ ಪದ ಕೇಳಿದರೆ ಯಾವುದೋ ಮಹಾ ವಿಪತ್ತಿಗೆ ಮಾತ್ರ ಒದಗುವವರು ಅನ್ನಿಸುವುದಿಲ್ಲವೇ ಎಂಬ ಅನುಮಾನ ಎಲೈಜಾಗೆ. ಎಮ್ಮಾ ಬಿಡಲಿಲ್ಲ: ನಾವು ಮಾಡಹೊರಟಿದ್ದೂ ಅಸಾಧಾರಣವಾದದ್ದೇ, ಜನ ತುಂಬಿದ ದೋಣಿ ನದಿಯ ಸೆಳವಿನಲ್ಲಿ ಸಿಕ್ಕಿಕೊಂಡರೆ ಅದೇ ನಮಗೆ ಕರೆ. ‘ರಿಲೀಫ್ ಸೊಸೈಟಿ’ ಎಂದೇ ಆಯಿತು. ಅದನ್ನೆಲ್ಲ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟವರು, ಅನುಮಾನ ಎತ್ತಿದ ಎಲೈಜಾ ಅವರೇ.

ಮೂರು ತಿಂಗಳಲ್ಲಿ ಎಲೈಜಾ ಗುಟ್ಟಾಗಿ ಜೋಸೆಫರನ್ನು ಮದುವೆಯಾದರು. ಬಹುಪತ್ನಿತ್ವದ ವಿಷಯ ಎಮ್ಮಾರನ್ನು ಸುಟ್ಟಿತು. ಜೋಸೆಫರ ಕೊಲೆಯ ನಂತರ, 1845ರಲ್ಲಿ, ಚರ್ಚಿನ ಮುಂದಾಳು ಬ್ರಿಗಮ್ ಯಂಗ್ ಸಂಘವನ್ನು ನಿಲ್ಲಿಸಿದರು. ಎಮ್ಮಾ ನಾವೂದಲ್ಲೇ ಉಳಿದು, ಗಂಡನಿಗೆ ಬೇರೆ ಹೆಂಡಿರಿರಲಿಲ್ಲ ಎಂದು ಸಾಯುವವರೆಗೂ ಸಾಧಿಸಿದರು. ಎಲೈಜಾ ಆ ನಡಾವಳಿ ಪುಸ್ತಕ ಹೊತ್ತು, ವಲಸೆ ಹೊರಟ ಮಾರ್ಮನ್ನರೊಂದಿಗೆ ಯೂಟಾಗೆ ಹೋದರು. 1860ರ ದಶಕದ ಕೊನೆಗೆ ಅದನ್ನೇ ಮುಂದಿಟ್ಟುಕೊಂಡು ಊರೂರಲ್ಲಿ ಸಂಘ ಕಟ್ಟಿದರು.

1870ರಲ್ಲಿ ಯೂಟಾದ ಹೆಂಗಸರಿಗೆ ಮತದಾನದ ಹಕ್ಕು ಬಂತು. ಓಟು ಸಿಕ್ಕರೆ ಅವರೇ ಬಹುಪತ್ನಿತ್ವವನ್ನು ಕಿತ್ತೊಗೆಯುತ್ತಾರೆ ಎಂದು ಹೊರಗಿನ ಹಲವರು ಕಾದರು. ಹಾಗಾಗಲಿಲ್ಲ. 1887ರಲ್ಲಿ ಅಮೆರಿಕದ ಕಾಂಗ್ರೆಸ್ ಹಕ್ಕನ್ನೇ ಕಿತ್ತುಕೊಂಡಿತು. ಹೆಂಗಸರು ಒಂದಾಗಿ ಹೋರಾಡಿದರು. 1896ರಲ್ಲಿ ಅದು ಮರಳಿತು. ಮರಳಿದ ವರ್ಷವೇ ಏನಾಯಿತು ನೋಡಿ. ರಾಜ್ಯ ಸೆನೆಟ್ ಚುನಾವಣೆಯಲ್ಲಿ ವೈದ್ಯೆ ಮಾರ್ಥಾ ಹ್ಯೂಸ್ ಕ್ಯಾನನ್ ಡೆಮಾಕ್ರಟ್. ಅವರ ಗಂಡ ಆಂಗಸ್ ರಿಪಬ್ಲಿಕನ್. ಮತದಾನದ ಹೋರಾಟದಲ್ಲಿ ಜೊತೆಗಿದ್ದ, ‘ವುಮನ್ಸ್ ಎಕ್ಸ್‌ಪೋನೆಂಟ್’ ಪತ್ರಿಕೆಯ ಸಂಪಾದಕಿ ಎಮ್ಮಲೀನ್ ವೆಲ್ಸ್ ಕೂಡ ರಿಪಬ್ಲಿಕನ್. ಮಾರ್ಥಾ ಗೆದ್ದು ಅಮೆರಿಕದ ಮೊದಲ ರಾಜ್ಯ ಸೆನೆಟರ್ ಮಹಿಳೆಯಾದರು. ಗಂಡನೂ ಗೆಳತಿಯೂ ಸೋತರು.

ಎಮ್ಮಲೀನರ ಪತ್ರಿಕೆ 1914ರಲ್ಲಿ ನಿಂತಿತು, ಜನ ಅದನ್ನು ಮರೆತೂಬಿಟ್ಟರು. 1970ರ ದಶಕದಲ್ಲಿ ಬಾಸ್ಟನ್ ಸುತ್ತಲಿನ ಮಾರ್ಮನ್ ಗೃಹಿಣಿಯರಲ್ಲೊಬ್ಬರಿಗೆ ಹಾರ್ವರ್ಡ್‌ನ ಗ್ರಂಥಾಲಯದಲ್ಲಿ ಅದರ ಹಳೆಯ ಸಂಪುಟಗಳು ಸಿಕ್ಕವು. ಅಜ್ಜಿಯರು ಇಷ್ಟು ಜೋರಾಗಿ ಮಾತಾಡಿದ್ದರೇ ಎಂದು ಆ ಗೃಹಿಣಿಯರಿಗೆಲ್ಲ ಬೆರಗು. 1974ರಲ್ಲಿ ತಾವೂ ಒಂದು ಪತ್ರಿಕೆ ಹೊರಡಿಸಿದರು. ಈ ಸಲ ಹೆಸರಿಗೆ ದೂರ ಹುಡುಕಲಿಲ್ಲ: ‘ಎಕ್ಸ್‌ಪೋನೆಂಟ್ ಟೂ’.