ಹಿತ್ತಾಳೆಯ ತಪ್ಪು, ತುಟಿಯ ತಿದ್ದು

ಮಲ್ಲಟದಲ್ಲಿ ಮೇ ತಿಂಗಳ ಮದುವೆ ಮೆರವಣಿಗೆ ಹೊರಟರೆ ಬಿಸಿಲಿಗೆ ಮೊದಲು ಸೋಲುವುದು ಬೀಗರಲ್ಲ, ಬ್ಯಾಂಡಿನ ಶ್ರುತಿ. ಬೆಳಗ್ಗೆ ಗುಡಿಯ ಮುಂದೆ ಕೀಬೋರ್ಡಿನ ಜೊತೆ ಚೆನ್ನಾಗಿ ಕೂಡಿದ್ದ ಟ್ರಂಪೆಟ್ಟು ಹೊತ್ತೇರಿದಂತೆ ತುಸು ಮೇಲೆ ಹೋಗಿ ಕೂತಿರುತ್ತದೆ. ಎರಡು ಹಾಡುಗಳ ನಡುವೆ ಊದುವವನು ವಾದ್ಯದ ಮುಂದಿನ ಬಾಗಿದ ಕೊಳವೆಯನ್ನು ಒಂದಿಷ್ಟು ಹೊರಗೆ ಎಳೆದುಕೊಳ್ಳುತ್ತಾನೆ. ಅವನ ಆ ಎಳೆತದಲ್ಲಿ ಒಂದು ಲೆಕ್ಕವಿದೆ.

ಗಾಳಿಯಲ್ಲಿ ಸದ್ದಿನ ವೇಗ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.6 ಮೀಟರ್‌ನಂತೆ ಏರುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದದ್ದು, ರಾಯಚೂರು ಸೀಮೆಯ 40 ಡಿಗ್ರಿಯಲ್ಲಿ 355 ಆಗುತ್ತದೆ. ಕೊಳವೆಯ ಉದ್ದ ಅಷ್ಟೇ, ಅಲೆ ಮಾತ್ರ ಬೇಗ ಓಡಾಡುತ್ತದೆ. ಹಾಗಾಗಿ ಸ್ವರ ಏರುತ್ತದೆ. ಬರೀ ಲೆಕ್ಕ ನೋಡಿದರೆ ಅರ್ಧ ಸ್ವರಸ್ಥಾನಕ್ಕಿಂತ ಹೆಚ್ಚೇ ಏರಬೇಕು. ಆದರೆ ಊದುವವನ ಉಸಿರು ಕೊಳವೆಯನ್ನು ಮೊದಲೇ ಬೆಚ್ಚಗೆ ಮಾಡಿರುವುದರಿಂದ ನಿಜದಲ್ಲಿ ಅಷ್ಟು ಏರುವುದಿಲ್ಲ. ಬಾಗಿದ ಕೊಳವೆಯನ್ನು ಒಂದು ಸೆಂಟಿಮೀಟರ್ ಎಳೆದರೆ ಗಾಳಿಯ ದಾರಿ ಎರಡು ಸೆಂಟಿಮೀಟರ್ ಉದ್ದವಾಗುತ್ತದೆ, ಸ್ವರ ಇಳಿಯುತ್ತದೆ. ಕೀಬೋರ್ಡಿಗೆ ಬಿಸಿಲೂ ಒಂದೇ, ಮಳೆಯೂ ಒಂದೇ.

ಟ್ರಂಪೆಟ್ಟಿನ ಶ್ರುತಿ ತಪ್ಪುವುದಕ್ಕೆ ಬಿಸಿಲೇ ಬೇಕೆಂದೇನೂ ಇಲ್ಲ, ಅದು ಹುಟ್ಟುವಾಗಲೇ ಸ್ವಲ್ಪ ತಪ್ಪಿದೆ. ಸುಮಾರು ಒಂದೂವರೆ ಮೀಟರ್ ಉದ್ದದ ಸುರುಳಿ ಸುತ್ತಿದ ಕೊಳವೆ, ಮೂರು ಗುಂಡಿ. ನಡುವಿನದನ್ನು ಒತ್ತಿದರೆ ಸ್ವರ ಒಂದು ಸ್ಥಾನ ಇಳಿಯುತ್ತದೆ, ಮೊದಲನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಒಂದು ಸ್ಥಾನ ಇಳಿಯಲು ಕೊಳವೆ ಶೇ. 6ರಷ್ಟು ಉದ್ದವಾಗಬೇಕು. ಆದರೆ ಮೂರು ಸ್ಥಾನ ಇಳಿಸಲು ಮೊದಲನೆಯದನ್ನೂ ನಡುವಿನದನ್ನೂ ಒಟ್ಟಿಗೆ ಒತ್ತಿದಾಗ ಬೇಕಾದದ್ದು ಶೇ. 18.9, ಸಿಗುವುದು ಶೇ. 18.2. ಸುಮಾರು ಒಂದು ಸೆಂಟಿಮೀಟರ್ ಕೊಳವೆ ಕಡಿಮೆ ಬಿತ್ತು! ಆ ಕೊರತೆಯನ್ನು ತುಂಬುವುದು ತುಟಿ. ಈ ವಾದ್ಯದಲ್ಲಿ ಕಂಪಿಸುವುದೂ ತುಟಿಯೇ ಆದ್ದರಿಂದ ಅದನ್ನು ಒಂದಿಷ್ಟು ಸಡಿಲ ಬಿಟ್ಟರೆ ಸ್ವರ ಜಾರಿ ತನ್ನ ಜಾಗಕ್ಕೆ ಬರುತ್ತದೆ.

ಇಂಥ ತುಟಿಗೆ ದೊಡ್ಡ ಹೆಸರು ಅಮೆರಿಕದ ಜಾಝ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್. 1923ರಲ್ಲಿ, ಮೈಕ್ ಇಲ್ಲದ ಕಾಲದಲ್ಲಿ, ಕಿಂಗ್ ಆಲಿವರ್ ತಂಡದೊಂದಿಗೆ ಆತ ಧ್ವನಿಮುದ್ರಣಕ್ಕೆ ಹೋದಾಗ ಎಲ್ಲರೂ ಒಂದೇ ಕಹಳೆಯ ಬಾಯಿಗೆ ನುಡಿಸಬೇಕಿತ್ತು. ಆ ಸದ್ದೇ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಆರ್ಮ್‌ಸ್ಟ್ರಾಂಗ್‌ನ ಸದ್ದು ಎಲ್ಲರನ್ನೂ ಮುಳುಗಿಸುತ್ತದೆಂದು ಅವನನ್ನು ದೂರ ನಿಲ್ಲಿಸಿದರಂತೆ. 1925ರ ನವೆಂಬರ್‌ನಲ್ಲಿ ಶಿಕಾಗೊದಲ್ಲಿ ಅವನದೇ ‘ಹಾಟ್ ಫೈವ್’ ತಂಡ ಧ್ವನಿಮುದ್ರಣಕ್ಕೆ ಕೂತಿತು: ಟ್ರಂಪೆಟ್ಟಿನ ಸೋದರ ಕಾರ್ನೆಟ್, ಟ್ರಾಂಬೋನ್, ಕ್ಲಾರಿನೆಟ್, ಪಿಯಾನೊ, ಬ್ಯಾಂಜೊ. ಡ್ರಮ್ ಇಲ್ಲ. ಐದೇ ಜನ, ಮೂರು ನಿಮಿಷದ ತಟ್ಟೆ. ಜನ ಕಡಿಮೆಯಾದಾಗ ಯಾರ ತುಟಿ ಏನು ಮಾಡುತ್ತಿದೆ ಎಂಬುದು ಕಿವಿಗೆ ಬಿಡಿಬಿಡಿಯಾಗಿ ಸಿಗುತ್ತದೆ. ಚಿಕ್ಕ ತಂಡದ ಸುಖ ನನ್ನ ಮಟ್ಟಿಗೆ ಇಷ್ಟೇ.

ಈ ಸುಖಕ್ಕೆ ನಮ್ಮಲ್ಲೇ ಒಂದು ಉದಾಹರಣೆಯಿದೆ. ವಾದ್ಯ ಮಾತ್ರ ಟ್ರಂಪೆಟ್ ಅಲ್ಲ, ಸ್ಯಾಕ್ಸೊಫೋನ್. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರದ್ದು ನಾಗಸ್ವರದ ಮನೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೇ ಮನಸೋತರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯದಲ್ಲಿ ಗಮಕ ನುಡಿಸುವುದು ಹಟದ ಕೆಲಸ. ಕಾರಣ ಸರಳ. ನಾಗಸ್ವರದಲ್ಲಿ ಬೆರಳು ರಂಧ್ರದ ಮೇಲೇ ಕೂರುತ್ತದೆ. ಅರ್ಧ ಮುಚ್ಚಬಹುದು, ಕಾಲು ತೆರೆಯಬಹುದು. ಸ್ಯಾಕ್ಸೊಫೋನಿನ ರಂಧ್ರಗಳು ದೊಡ್ಡವು, ಅವನ್ನು ಮುಚ್ಚುವುದು ಸರಳುಗಳ ತುದಿಯ ಚರ್ಮದ ಬಿಲ್ಲೆ. ಬೆರಳು ಗುಂಡಿಯನ್ನು ಮುಟ್ಟುತ್ತದೆ, ರಂಧ್ರವನ್ನಲ್ಲ. ವಾದ್ಯ ಮೆಟ್ಟಿಲು ಹತ್ತುತ್ತದೆ, ಜಾರುವುದನ್ನು ಕಲಿತಿಲ್ಲ. ಗೋಪಾಲನಾಥರು ಗುಂಡಿಗಳ ವ್ಯವಸ್ಥೆಯಲ್ಲಿ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡರು. ಉಳಿದದ್ದನ್ನು ಬಾಯಿಗೆ ಒಪ್ಪಿಸಿದರು.

ಬಾಯಿ ಏನು ಮಾಡುತ್ತದೆ? ವಾದ್ಯದ ಬಾಯಿತುದಿಯಲ್ಲಿ ಕಂಪಿಸುವ ರೀಡನ್ನು ಕಚ್ಚಿದ ದವಡೆ ಸಡಿಲಿಸಿದರೆ ಸ್ವರ ಸಾಕಷ್ಟು ಇಳಿಯುತ್ತದೆ, ಬಿಗಿದರೆ ಅಷ್ಟು ಏರುವುದಿಲ್ಲ. ಇಷ್ಟು ಎಲ್ಲ ವಾದಕರಿಗೂ ಗೊತ್ತಿತ್ತು. 2008ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಚೆನ್, ಸ್ಮಿತ್, ವೋಲ್ಫ್ ಎಂಬ ಮೂವರು ನುಡಿಸುತ್ತಿರುವವರ ಬಾಯೊಳಗಿನ ಅನುರಣನವನ್ನೇ ಅಳೆದರು. ವಾದ್ಯದ ಮಾಮೂಲಿ ವ್ಯಾಪ್ತಿಗೂ ಮೇಲಿನ ಸ್ವರಗಳಿಗೆ ಪಳಗಿದ ವಾದಕರು ಗಂಟಲು-ನಾಲಗೆಯ ಪೊಳ್ಳನ್ನೇ ಶ್ರುತಿ ಮಾಡುತ್ತಿದ್ದರು. ಹೊಸಬರಿಗೆ ಅದು ಸಾಧ್ಯವಿರಲಿಲ್ಲ, ಆ ಸ್ವರಗಳೂ ಬರುತ್ತಿರಲಿಲ್ಲ.

1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಗೋಪಾಲನಾಥರನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರೊಡನೆ ವೇದಿಕೆಗೇರಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವ, 2004ರಲ್ಲಿ ಪದ್ಮಶ್ರೀ. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ‘ಕಿನ್ಸ್‌ಮೆನ್’ ಎಂಬ 2008ರ ಧ್ವನಿಮುದ್ರಿಕೆ. ಅದರ ಹಿಂದಿದ್ದವರು ರುದ್ರೇಶ್ ಮಹಾಂತಪ್ಪ. ಕರ್ನಾಟಕ ಮೂಲದ ಭೌತವಿಜ್ಞಾನಿಯ ಮಗ, ಅಮೆರಿಕದ ಕೊಲೊರಾಡೊದಲ್ಲಿ ಬೆಳೆದ ಜಾಝ್ ವಾದಕ. ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ ಆಲ್ಬಮ್ ಒಂದನ್ನು ಕೊಟ್ಟನಂತೆ. ತಮಾಷೆ ಎಲ್ಲಿಗೆ ಮುಟ್ಟಿತು ನೋಡಿ.

‘ಕಿನ್ಸ್‌ಮೆನ್’ನಲ್ಲಿ ಏಳು ಜನ. ಗೋಪಾಲನಾಥ, ಮಹಾಂತಪ್ಪ ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯ ಗಿಟಾರ್, ಕಾರ್ಲೊ ಡಿ ರೋಸಾನ ಬಾಸ್, ರಾಯಲ್ ಹಾರ್ಟಿಗನ್‌ನ ಡ್ರಮ್. ಇದರಲ್ಲಿ ‘ಕಲ್ಯಾಣಿ’ ಎಂಬ ಹೆಸರಿನದೇ ಒಂದು ರಚನೆಯಿದೆ. ಕಲ್ಯಾಣಿಯ ಗಾಂಧಾರದಲ್ಲಿ ಎರಡು ಶ್ರುತಿಪದ್ಧತಿಗಳ ಜಗಳ ಸಣ್ಣ ಅಂಕಿಯಲ್ಲಿ ಕಾಣುತ್ತದೆ. ಷಡ್ಜ 240 ಹರ್ಟ್ಸ್ ಎಂದಿಟ್ಟುಕೊಳ್ಳಿ. ತಂಬೂರಿಗೆ ಹೊಂದುವ ಅಂತರ ಗಾಂಧಾರ 300, ಪಿಯಾನೊ ಲೆಕ್ಕದ್ದು 302.4. ಎರಡನ್ನೂ ಒಟ್ಟಿಗೆ ಹಿಡಿದರೆ ಸದ್ದು ಸೆಕೆಂಡಿಗೆ ಎರಡು ಸಲಕ್ಕಿಂತ ತುಸು ಹೆಚ್ಚು ಏರಿಳಿಯುತ್ತ ತೂಗಾಡುತ್ತದೆ. ಪಿಟೀಲಿಗೂ ಬಾಸಿಗೂ ಮೆಟ್ಟುಗಳಿಲ್ಲ, ಬೆರಳನ್ನು ಕೂದಲೆಳೆಯಷ್ಟು ಸರಿಸಿದರೆ ಆಯಿತು. ಸ್ಯಾಕ್ಸೊಫೋನಿಗೆ ದವಡೆಯಿದೆ. ಗಿಟಾರಿನ ಮೆಟ್ಟುಗಳು ಮಾತ್ರ 302.4ರ ಜಾಗದಲ್ಲೇ ಬಡಿದು ಕೂತಿವೆ. ತಂತಿ ಎಳೆದರೆ ಸ್ವರ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಇಲ್ಲಿ ಬೇಕಾದದ್ದು ಇಳಿಯುವುದು. ಗಿಟಾರಿನವನು ಒಂದು ಮೆಟ್ಟು ಹಿಂದೆ ಹೋಗಿ, ಅಲ್ಲಿಂದ ತಂತಿಯನ್ನು ಎಳೆದು ಹತ್ತಿಸಬೇಕು. ಇಲ್ಲವೇ ಆ ಗಾಂಧಾರ ನಿಂತಷ್ಟು ಹೊತ್ತು ಕೈ ತೆಗೆದು ಸುಮ್ಮನಿರಬೇಕು.