ಚೀಟಿಯಲ್ಲಿಲ್ಲದ ಮಾತು: ಕಡೂರಿನ ಔಷಧಿ ಅಂಗಡಿಗಳಲ್ಲಿ

ಯಗಟಿ, ಪಂಚನಹಳ್ಳಿ, ಸಿಂಗಟಗೆರೆ, ಹಿರೇನಲ್ಲೂರು, ಸಖರಾಯಪಟ್ಟಣದ ಕಡೆಯ ಬಸ್ಸುಗಳು ಬೆಳಗಿನ ಹೊತ್ತು ಕಡೂರಿನ ಬಸ್ ನಿಲ್ದಾಣಕ್ಕೆ ಒಂದರ ಬೆನ್ನಿಗೊಂದು ಬಂದು ನಿಲ್ಲುತ್ತವೆ. ಇಳಿದ ಎಷ್ಟೋ ಜನರ ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಮಡಿಕೆ ಹರಿದ ಡಾಕ್ಟರ ಚೀಟಿ, ಖಾಲಿಯಾದ ಮಾತ್ರೆಯ ಸ್ಟ್ರಿಪ್ಪು, ಆಧಾರ್ ಕಾರ್ಡಿನ ಜೆರಾಕ್ಸು. ಕೆಲವರು ಸರಕಾರಿ ಆಸ್ಪತ್ರೆಯ ಕಡೆ ನಡೆದರೆ ಕೆಲವರು ನೇರ ಬಿ.ಎಚ್. ರಸ್ತೆಯ ಮೆಡಿಕಲ್ ಶಾಪಿಗೆ. ಆಸ್ಪತ್ರೆಗೆ ಹೋದವರಲ್ಲೂ ಅನೇಕರು ಮಧ್ಯಾಹ್ನದೊಳಗೆ ಅದೇ ಅಂಗಡಿಗಳ ಮುಂದೆ ಬಂದು ನಿಲ್ಲುತ್ತಾರೆ.

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣಿಗೆ ಬರುವುದು ಕಾಫಿ ತೋಟ, ಜಡಿಮಳೆ, ಮುಳ್ಳಯ್ಯನಗಿರಿ. ಕಡೂರು ಆ ಜಿಲ್ಲೆಯ ಬಯಲುಸೀಮೆ. ಇಲ್ಲಿರುವುದು ತೆಂಗು, ರಾಗಿ, ಈರುಳ್ಳಿ, ಬೇಸಿಗೆಗೆ ಕೈಕೊಡುವ ಕೊಳವೆಬಾವಿ. 1947ರವರೆಗೆ ಇಡೀ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ ಎಂದಿತ್ತು. ಈಗ ದೊಡ್ಡ ಡಾಕ್ಟರನ್ನು ಕಾಣಲು ಇಲ್ಲಿಯವರು 40 ಕಿಲೋಮೀಟರ್ ದೂರದ ಚಿಕ್ಕಮಗಳೂರಿಗೆ ಹೋಗಬೇಕು, ಇಲ್ಲವೇ ಶಿವಮೊಗ್ಗಕ್ಕೋ ಹಾಸನಕ್ಕೋ. ಬಿಪಿ, ಶುಗರ್ ಇರುವವರು ಆರು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬಂದರೆ ಹೆಚ್ಚು. ಮಾತ್ರೆ ಮಾತ್ರ ಪ್ರತಿ ತಿಂಗಳೂ ಬೇಕು. ಹಾಗಾಗಿ ಒಬ್ಬ ರೋಗಿಯ ಮುಖವನ್ನು ವರ್ಷದಲ್ಲಿ ಅತಿ ಹೆಚ್ಚು ಸಲ ನೋಡುವವರು ಔಷಧಿ ಅಂಗಡಿಯವರೇ. ಕೌಂಟರಿನಲ್ಲಿ ಸಿಗುವ ಅರ್ಧ ನಿಮಿಷದಲ್ಲಿ ಅವರು ಏನು ಕೇಳುತ್ತಾರೆ, ಏನು ಹೇಳುತ್ತಾರೆ ಎಂಬುದನ್ನು ನೋಡಲೆಂದೇ ನಾನು ಇಲ್ಲಿಗೆ ಬಂದದ್ದು.

ಬಿ.ಎಚ್. ರಸ್ತೆಯಲ್ಲಿ ನಾನು ಹೆಚ್ಚು ಹೊತ್ತು ಕಳೆದ ಅಂಗಡಿ ದೊಡ್ಡದೇನಲ್ಲ. ಎದುರಿಗೆ ಗಾಜಿನ ಕೌಂಟರು, ಹಿಂದೆ ಸೂರಿನವರೆಗೂ ಮರದ ಖಾನೆಗಳು, ಮೂಲೆಯಲ್ಲಿ ಇನ್ಸುಲಿನ್ ಇಡುವ ಫ್ರಿಜ್ಜು. ಗೋಡೆಗೆ ಚೌಕಟ್ಟು ಹಾಕಿದ ಲೈಸೆನ್ಸು, ಅದರ ಪಕ್ಕ ಫಾರ್ಮಸಿಸ್ಟರ ನೋಂದಣಿ ಪತ್ರ. ಮಾಲೀಕರೇ ಫಾರ್ಮಸಿಸ್ಟು, ಡಿ.ಫಾರ್ಮಾ ಓದಿದವರು. ಹಳ್ಳಿಯವರು ಅವರನ್ನು ‘ಡಾಕ್ಟ್ರೇ’ ಎಂದೇ ಕರೆಯುತ್ತಾರೆ. ಅವರು ಪ್ರತಿ ಸಲವೂ ‘ನಾನು ಡಾಕ್ಟ್ರಲ್ಲಮ್ಮ’ ಎಂದು ತಿದ್ದುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಶುಗರ್ ಮಾತ್ರೆಯ ಚೀಟಿ ಹಿಡಿದು ಒಬ್ಬ ಅಜ್ಜಿ ಬಂದರು. ಚೀಟಿಯಲ್ಲಿ ಬೆಳಿಗ್ಗೆ ತಿಂಡಿಗೆ ಮುಂಚೆ ಎಂದಿದೆ. ಮಾತ್ರೆ ಗ್ಲಿಮಿಪಿರೈಡ್.

“ಅಜ್ಜಿ, ಬೆಳಿಗ್ಗೆ ಎಷ್ಟೊತ್ತಿಗೆ ತಿಂಡಿ ತಿಂತೀರಿ?”

“ತಿಂಡಿ ಎಲ್ಲಪ್ಪಾ, ಕಾಫಿ ಕುಡ್ದು ಹೊಲಕ್ಕೆ ಹೋದ್ರೆ ಹನ್ನೊಂದಕ್ಕೆ ಬುತ್ತಿ.”

“ಮಾತ್ರೆ?”

“ಎದ್ದ ತಕ್ಷಣ ನುಂಗ್ತೀನಲ್ಲ.”

“ಹೊಲದಲ್ಲಿ ಕೈ ನಡುಗೋದು, ಬೆವರೋದು, ಕಣ್ಣು ಕತ್ತಲೆ ಬರೋದು?”

“ಬಿಸ್ಲಿಗೆ ಕಣಪ್ಪ ಅದು.”

ಬಿಸಿಲಿಗಲ್ಲದೆ ಇರಬಹುದು. ಗ್ಲಿಮಿಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಔಷಧ. ಅದು ಕೆಲಸ ಶುರುಮಾಡುವ ಹೊತ್ತಿಗೆ ಹೊಟ್ಟೆಯಲ್ಲಿ ಅನ್ನವಿರದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಮಂಪರು, ಮೀರಿದರೆ ಎಚ್ಚರ ತಪ್ಪುವುದು. ಹೊಲದಲ್ಲಿ ಒಬ್ಬರೇ ಇರುವ ಅಜ್ಜಿಗೆ ಇದು ಪ್ರಾಣಕ್ಕೇ ಕುತ್ತು ತರಬಹುದಾದ ಸಂಗತಿ. ಫಾರ್ಮಸಿಸ್ಟರು ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿ ಡಾಕ್ಟರೊಂದಿಗೆ ಮಾತಾಡಿದರು. ಆಮೇಲೆ ಅಜ್ಜಿಗೆ, “ಇದನ್ನ ಮನೇಲಿ ನುಂಗ್ಬೇಡಿ. ಬುತ್ತಿ ಜೊತೆ ಕಟ್ಕೊಂಡು ಹೋಗಿ. ಬುತ್ತಿ ಬಿಚ್ಚಿದ ಮೇಲೆ ನುಂಗಿ, ತಕ್ಷಣ ಉಣ್ಣಿ. ಸೆರಗಿನಲ್ಲಿ ಒಂದು ಬೆಲ್ಲದ ಚೂರು ಇರ್ಲಿ, ಕೈ ನಡುಗಿದ್ರೆ ಬಾಯಿಗೆ ಹಾಕ್ಕೊಳ್ಳಿ” ಎಂದರು. ಅಜ್ಜಿಯ ಬಾಯಿಂದಲೇ ಅದನ್ನು ಮತ್ತೊಮ್ಮೆ ಹೇಳಿಸಿ, ನಂತರವೇ ಚಿಲ್ಲರೆ ಕೊಟ್ಟರು.

ವ್ಯಕ್ತಿಕೇಂದ್ರಿತ ಆರೈಕೆ ಎಂದು ಪಠ್ಯಪುಸ್ತಕಗಳು ಕರೆಯುವುದು ಇದನ್ನೇ. ಚೀಟಿಯಲ್ಲಿ ತಪ್ಪಿರಲಿಲ್ಲ, ಮಾತ್ರೆಯಲ್ಲೂ ದೋಷವಿರಲಿಲ್ಲ. ಆದರೆ ಅಜ್ಜಿಯ ಹೊಲ, ಹನ್ನೊಂದು ಗಂಟೆಯ ಬುತ್ತಿ ಚೀಟಿಯೊಳಗೆ ಇರಲಿಲ್ಲ. ಕೌಂಟರಿನ ಒಂದೇ ಪ್ರಶ್ನೆ ಅವೆರಡನ್ನೂ ಚೀಟಿಗೆ ತಂದಿತು.

ಇಲ್ಲಿ ನಿಂತು ನೋಡುವಾಗ ಕಣ್ಣಿಗೆ ಹೊಡೆಯುವ ಇನ್ನೊಂದು ಸಂಗತಿ: ಕೈಗೆ ಬರುವ ಸ್ಟ್ರಿಪ್ಪುಗಳ ಮೇಲೆ ಕನ್ನಡವೇ ಇಲ್ಲ. ಹೆಸರು, ಪ್ರಮಾಣ, ಎಚ್ಚರಿಕೆ ಎಲ್ಲ ಇಂಗ್ಲಿಷ್, ಕೆಲವದರಲ್ಲಿ ಜೊತೆಗೆ ಹಿಂದಿ. ಕಡೂರಿನ ರೈತನ ಮನೆಗೆ ಔಷಧದ ಬಗ್ಗೆ ಹೋಗುವ ಕನ್ನಡ ಎಂದರೆ ಫಾರ್ಮಸಿಸ್ಟರು ಕಂದು ಕಾಗದದ ಕವರಿನ ಮೇಲೆ ಪೆನ್ನಿನಿಂದ ಬರೆಯುವ ನಾಲ್ಕು ಪದಗಳು ಅಷ್ಟೇ. ‘ರಾತ್ರಿ ಊಟದ ಮೇಲೆ.’ ಓದು ಬಾರದವರಿಗೆ ಬೆಳಗಿನದಕ್ಕೆ ಒಂದು ಗೀಟು, ರಾತ್ರಿಯದಕ್ಕೆ ಎರಡು ಗೀಟು. ಸ್ಟ್ರಿಪ್ಪು ಕತ್ತರಿಸುವಾಗ ಎಕ್ಸ್‌ಪೈರಿ ದಿನಾಂಕ ಇರುವ ತುದಿಯನ್ನು ಉಳಿಸಿಕೊಂಡು ಇನ್ನೊಂದು ತುದಿಯಿಂದ ಕತ್ತರಿ ಹಾಕುತ್ತಾರೆ. ಇದು ನಮ್ಮ ಕಣ್ಣಿಗೆ ಬೀಳದ ಶಿಸ್ತು, ಆದರೆ ಕೊನೆಯ ಮಾತ್ರೆ ಮಾರುವವರೆಗೂ ದಿನಾಂಕ ಕಾಣುವುದು ಅದರಿಂದಲೇ. ಮಾತ್ರೆಯ ಸ್ಟ್ರಿಪ್ಪುಗಳಲ್ಲಿ ಕನ್ನಡ ಇರಲೇಬೇಕೆಂದು ನಾವು ಇಷ್ಟು ವರ್ಷ ಗಟ್ಟಿಯಾಗಿ ಕೇಳಿಲ್ಲ ಎಂಬುದು ನನಗೆ ನೋವಿನ ಸಂಗತಿ. ಬಸ್ಸಿನ ಬೋರ್ಡಿಗೆ, ಬ್ಯಾಂಕಿನ ಚಲನ್ನಿಗೆ ಕೇಳಿದ್ದೇವೆ. ಹೊಟ್ಟೆಗೆ ಹೋಗುವ ವಸ್ತುವಿಗೆ ಕೇಳಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಬಂದ ದಂಪತಿಯ ಕವರನ್ನು ಫಾರ್ಮಸಿಸ್ಟರು ಕೌಂಟರಿನ ಮೇಲೆ ಸುರಿಸಿದರು. ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಟ್ಟ ಬಿಪಿ ಮಾತ್ರೆ ಒಂದು, ಖಾಸಗಿ ಡಾಕ್ಟರು ಬರೆದ ಬಿಪಿ ಮಾತ್ರೆ ಇನ್ನೊಂದು. ಬಣ್ಣ ಬೇರೆ, ಹೆಸರು ಬೇರೆ. ಎರಡೂ ಟೆಲ್ಮಿಸಾರ್ಟನ್. ಯಜಮಾನರು ಎರಡನ್ನೂ ದಿನಾ ನುಂಗುತ್ತಿದ್ದರು. ಎದ್ದು ನಿಂತರೆ ತಲೆ ಸುತ್ತು ಎಂದು ಅದಕ್ಕೊಂದು ಮಾತ್ರೆ ಕೇಳಲು ಬಂದಿದ್ದರು. ಮೂರನೆಯದು ಮಾರಿದ್ದರೆ ಅಂಗಡಿಗೆ ಲಾಭ. ಫಾರ್ಮಸಿಸ್ಟರು ಒಂದು ಸ್ಟ್ರಿಪ್ಪನ್ನು ಬದಿಗಿಟ್ಟು, ಬಿಪಿ ಅಳೆಸಿಕೊಂಡು ಡಾಕ್ಟರಿಗೆ ಎರಡನ್ನೂ ತೋರಿಸಿ ಬರುವಂತೆ ಅವರನ್ನು ವಾಪಸು ಕಳಿಸಿದರು.

ಅದೇ ದಿನ ಇನ್ನೊಂದು ಚೀಟಿ. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್. ಇದು ವಾರಕ್ಕೊಮ್ಮೆ ನುಂಗುವ ಔಷಧ. ಉಳಿದ ಮಾತ್ರೆಗಳ ಹಾಗೆ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೆ ಅಪಾಯ. ಈ ತಪ್ಪು ಜಗತ್ತಿನ ಅನೇಕ ದೇಶಗಳಲ್ಲಿ ನಡೆದಿದೆ. ಫಾರ್ಮಸಿಸ್ಟರು ಕವರಿನ ಮೇಲೆ ದಪ್ಪಕ್ಷರದಲ್ಲಿ ‘ಸೋಮವಾರ ಮಾತ್ರ’ ಎಂದು ಬರೆದು ಅಡಿಗೆರೆ ಎಳೆದರು.

ಕಾಫಿಯ ವಿಷಯ ಬೇರೆಯೇ. ಈ ಜಿಲ್ಲೆಯಲ್ಲಿ ಎದ್ದ ಕೂಡಲೇ ಕಾಫಿ. ಬಸುರಿ ಹೆಣ್ಣುಮಕ್ಕಳು ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಅಷ್ಟೇ: ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ ಅರ್ಧ ಗಂಟೆಯಾದರೂ ಕಾದು ಕಾಫಿ ಕುಡಿಯಬೇಕು. ಅಜ್ಜಂಪುರದ ಕಡೆ ಅಂತರಘಟ್ಟೆ ದುರ್ಗಾಂಬೆಯ ಜಾತ್ರೆ ಬಂತೆಂದರೆ ಪಾನಕದ ಗಾಡಿಗಳು ಹೊರಡುತ್ತವೆ. ಆಗ ಶುಗರ್ ಇರುವವರಿಗೆ ಪಾನಕ ಎಷ್ಟು, ಮಾತ್ರೆ ಎಷ್ಟು ದಿನದ್ದು ಕಟ್ಟಿಕೊಂಡಿದ್ದೀರಿ ಎಂದು ಈ ಫಾರ್ಮಸಿಸ್ಟರು ವಿಚಾರಿಸುತ್ತಾರೆ. ಶ್ರಾವಣ ಸೋಮವಾರದ ಒಪ್ಪತ್ತಿಗೆ, ರಂಜಾನ್ ಉಪವಾಸಕ್ಕೆ ಮುಂಚೆಯೂ ಅದೇ ವಿಚಾರಣೆ. ಡೋಸಿನ ಹೊತ್ತು ಬದಲಿಸಲು ಮೊದಲೇ ಡಾಕ್ಟರನ್ನು ಕಂಡು ಬನ್ನಿ ಎನ್ನುತ್ತಾರೆ.

ಎಲ್ಲ ಅಂಗಡಿಗಳೂ ಹೀಗಿವೆ ಎಂದರೆ ಸುಳ್ಳಾಗುತ್ತದೆ. ಇದೇ ರಸ್ತೆಯ ಇನ್ನೊಂದು ಕಡೆ ಒಬ್ಬ ಯುವಕ ಚೀಟಿಯಿಲ್ಲದೆ ಜ್ವರಕ್ಕೆಂದು ಆ್ಯಂಟಿಬಯಾಟಿಕ್ ಎರಡೇ ಮಾತ್ರೆ ಕೇಳಿದ, ಸಿಕ್ಕಿತು. ‘ಮೈಕೈ ನೋವಿಗೆ ಒಂದು ಸೆಟ್ಟು’ ಎಂದರೆ ಮೂರು ಬಣ್ಣದ ಬಿಡಿ ಮಾತ್ರೆ ಪೊಟ್ಟಣ ಕಟ್ಟಿ ಕೊಡುವ ರೂಢಿಯೂ ಕಂಡಿತು. ಆ ಪೊಟ್ಟಣಕ್ಕೆ ಹೆಸರಿಲ್ಲ. ಕಿಡ್ನಿ ತೊಂದರೆ ಇರುವವರು ಅದರೊಳಗಿನ ನೋವಿನ ಮಾತ್ರೆ ತಿಂದು ಆಸ್ಪತ್ರೆ ಸೇರಿದರೆ ಏನು ತಿಂದರೆಂದು ಡಾಕ್ಟರಿಗೆ ಹೇಳಲೂ ಬರುವುದಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಚೀಟಿಯ ಮೇಲೆ ಔಷಧ ವಿತರಿಸುವ ಹಕ್ಕು ನೋಂದಾಯಿತ ಫಾರ್ಮಸಿಸ್ಟರದು. ಶೆಡ್ಯೂಲ್ ಎಚ್1 ಎಂಬ ಪಟ್ಟಿ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಪ್ರಬಲ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹಿಡಿಸುವ ಕೆಲವು ಮಾತ್ರೆಗಳು ಅದರಲ್ಲಿವೆ. ಇವನ್ನು ಮಾರಿದಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಪಾಡಬೇಕು. 2015ರ ಫಾರ್ಮಸಿ ಪ್ರ್ಯಾಕ್ಟೀಸ್ ನಿಯಮಗಳು ಇನ್ನೂ ಮುಂದೆ ಹೋದವು. ಔಷಧ ಏಕೆ, ಎಷ್ಟು, ಹೇಗೆ, ಎಲ್ಲಿ ಇಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಯಾವ ಅಡ್ಡಪರಿಣಾಮಕ್ಕೆ ಎಚ್ಚರ ಬೇಕು ಎಂಬುದನ್ನು ಫಾರ್ಮಸಿಸ್ಟರು ರೋಗಿಗೆ ತಿಳಿಸಬೇಕು, ಅದೂ ಗುಟ್ಟು ಕಾಪಾಡುವ ರೀತಿಯಲ್ಲಿ ಎನ್ನುತ್ತವೆ ಅವು.

ಗುಟ್ಟು ಎಲ್ಲಿಂದ ಬರಬೇಕು? ನಮ್ಮ ಮೆಡಿಕಲ್ ಶಾಪುಗಳು ರಸ್ತೆಗೆ ತೆರೆದುಕೊಂಡಿವೆ. ರೋಗಿ ನಿಲ್ಲುವುದು ಮೆಟ್ಟಿಲ ಮೇಲೆ, ಹಿಂದೆ ಐದು ಜನ. ನಾನಿದ್ದಾಗ ಬಂದ ಒಬ್ಬ ಹುಡುಗ ಚೀಟಿಯನ್ನು ಮಡಚಿಯೇ ಕೊಟ್ಟ. ಕ್ಷಯದ ಮಾತ್ರೆ. ಫಾರ್ಮಸಿಸ್ಟರು ಅವನನ್ನು ಕೌಂಟರಿನ ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ ತಗ್ಗಿದ ದನಿಯಲ್ಲಿ ಮಾತಾಡಿದರು. ಈ ಔಷಧ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಹುಡುಗನಿಗೆ ಇದಾವುದೂ ಗೊತ್ತಿರಲಿಲ್ಲ. ಕ್ಷಯದ ಔಷಧ ಮಾರಿದರೆ ಆ ಮಾಹಿತಿಯನ್ನು ಅಂಗಡಿಯವರು ಸರಕಾರಕ್ಕೆ ತಿಳಿಸಬೇಕೆಂಬ ನಿಯಮವೂ 2018ರಿಂದ ಇದೆ. ಮಾತ್ರೆ ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯ ಬರಬಹುದು ಎಂಬುದನ್ನು ಅವನಿಗೆ ಹೆದರಿಸದೆ, ಆದರೆ ಸ್ಪಷ್ಟವಾಗಿ ಹೇಳಿದರು. ಆ ಒಂದು ಸ್ಟೂಲು ಪ್ರತಿ ಅಂಗಡಿಯಲ್ಲೂ ಇರಬೇಕು.

ಇಂಥ ಮಾತಿಗೆ ನಮ್ಮಲ್ಲಿ ಬೆಲೆ ಕಟ್ಟುವವರಿಲ್ಲ. ಫಾರ್ಮಸಿಸ್ಟರ ಸಂಪಾದನೆಯೆಲ್ಲ ಮಾರಿದ ಸ್ಟ್ರಿಪ್ಪಿನ ಕಮಿಷನ್ನಿನಿಂದ. ಮಾರದೆ ವಾಪಸು ಕಳಿಸಿದ್ದಕ್ಕೆ, ಅರ್ಧ ನಿಮಿಷ ಹೆಚ್ಚು ಮಾತಾಡಿದ್ದಕ್ಕೆ ಬಿಡಿಗಾಸಿಲ್ಲ. ಆಸ್ಟ್ರೇಲಿಯಾದಲ್ಲಿ ಫಾರ್ಮಸಿಸ್ಟರು ರೋಗಿಯ ಮನೆಗೇ ಹೋಗಿ ಎಲ್ಲ ಔಷಧಗಳನ್ನು ಪರಿಶೀಲಿಸಿದರೆ ಸರಕಾರ 2001ರಿಂದಲೂ ಹಣ ಕೊಡುತ್ತಿದೆ. ರೋಗಿಯೊಂದಿಗೆ ಮಾತಾಡುವ ಫಾರ್ಮಸಿಸ್ಟರನ್ನು ತಯಾರಿಸುವ ಸ್ನಾತಕೋತ್ತರ ಓದು ನಮ್ಮ ರಾಜ್ಯದಲ್ಲೇ, ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನಲ್ಲಿ 1990ರ ದಶಕದಲ್ಲೇ ಶುರುವಾಯಿತು. ಡಿ.ಫಾರ್ಮಾದ ಹೊಸ ಪಠ್ಯಕ್ರಮದಲ್ಲಿ ಸಮುದಾಯ ಫಾರ್ಮಸಿ ಒಂದು ವಿಷಯವೇ ಆಗಿದೆ, ಮೇಲೆ 500 ಗಂಟೆಗಳ ತರಬೇತಿ. ಓದಿ ಬಂದವರಿಗೆ ಅದನ್ನು ಮಾಡಲು ಪುರುಸೊತ್ತು, ಕೂಲಿ ಎರಡೂ ಕೊಡುವ ವ್ಯವಸ್ಥೆ ಇಲ್ಲಿಯವರೆಗೆ ಬಂದಿಲ್ಲ.

ಸಂಜೆ ಬಸ್ಸಿನ ಹೊತ್ತಿಗೆ ಅಂಗಡಿಯ ಮುಂದೆ ಗದ್ದಲ. ಭೇದಿಯಾದ ಮಗುವಿಗೆ ಓಆರ್‌ಎಸ್ ಕೇಳಿದ ತಾಯಿಗೆ ಸಿಹಿ ಪಾನೀಯದ ಡಬ್ಬಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಕೊಟ್ಟರು, ಇಡೀ ಪ್ಯಾಕೆಟ್ಟು 1 ಲೀಟರ್ ನೀರಿಗೆ, ಅರ್ಧರ್ಧ ಬೇಡ ಎಂದರು. ಇನ್ಸುಲಿನ್ ಒಯ್ಯುವ ಸಿಂಗಟಗೆರೆ ಕಡೆಯ ಒಬ್ಬರಿಗೆ, ಕರೆಂಟು ಹೋಗುವ ಮನೆಯಾದ್ದರಿಂದ, ಬಳಸಲು ತೆರೆದ ಬಾಟಲಿ ತಂಪಾದ ಜಾಗದಲ್ಲಿ ಸುಮಾರು 4 ವಾರ ಬರುತ್ತದೆ, ತೆರೆಯದ್ದನ್ನು ಪಕ್ಕದ ಮನೆಯ ಫ್ರಿಜ್ಜಿನಲ್ಲಿಡಿ, ಐಸ್ ಆಗುವ ಖಾನೆಯಲ್ಲಿ ಮಾತ್ರ ಬೇಡ ಎಂದರು. ಅವರು ಹೋಗುವಾಗ ಫಾರ್ಮಸಿಸ್ಟರು ಕೂಗಿ ಹೇಳಿದ್ದು: “ಯಜಮಾನ್ರೇ, ಮುಂದಿನ ಸಲ ಮನೇಲಿರೋ ಮಾತ್ರೆ ಎಲ್ಲಾನೂ ಒಂದೇ ಕವರಿಗೆ ಹಾಕ್ಕೊಂಡು ಬನ್ನಿ, ನಾಟಿ ಔಷ್ದಿನೂ ಸೇರಿಸಿ.”